ಗಿರಣಿಯವರ ಕೊನೆಯ ರೆಕಾರ್ಡಿಂಗ್

ಹುಡುಗಿ ಮೆಟ್ಟಿಲು ಹತ್ತಿ ಬಂದಾಗ ಸಾಹೇಬರ ಮೊಣಕಾಲಿಗೆ ಕಾಂಪೌಂಡರ್ ಎಣ್ಣೆ ತಿಕ್ಕುತ್ತಿದ್ದ. ಸಾಹೇಬರು ಪೊಲೀಸ್ ಕೆಲಸದಿಂದ ನಿವೃತ್ತರಾಗಿ ದವಾಖಾನೆಯ ಮಹಡಿಗೆ ಬಾಡಿಗೆಗೆ ಬಂದ ಮೇಲೆ ಊರಿನ ಕಗ್ಗಂಟುಗಳೆಲ್ಲ ಆ ಮೆಟ್ಟಿಲನ್ನೇ ಹತ್ತುತ್ತಿದ್ದವು. ಅವರು ಗಂಟು ಬಿಡಿಸುವಾಗ ಪಕ್ಕದಲ್ಲಿರುವುದು ಕಾಂಪೌಂಡರನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಬಂದವಳು ಹಿಟ್ಟಿನ ಗಿರಣಿಯವರ ಮಗಳು. ತಾಯಿಯಿಲ್ಲದ ಹುಡುಗಿ, ಆಸ್ಪತ್ರೆಯಲ್ಲಿ ಟೆಲಿಫೋನ್ ಕೆಲಸ. ಹೋದ ವಾರವಷ್ಟೇ ತಂದೆಯೂ ಹೃದಯಾಘಾತದಿಂದ ತೀರಿಕೊಂಡಿದ್ದರು.

“ಅಪ್ಪನ್ನ ಒಬ್ಬರನ್ನೇ ಬಿಟ್ಟು ರಾತ್ರಿ ಡ್ಯೂಟಿಗೆ ಹೋದೆ, ದಿಕ್ಕಿಲ್ಲದವರ ಹಾಗೆ ಸತ್ತ ಅಂತ ಊರಿಂದ ಬಂದ ಸೋದರತ್ತೆ ದಿನಾ ಕುಟುಕ್ತಾರೆ, ಸಾಹೇಬ್ರೆ. ಅದನ್ನ ನುಂಗ್ಕೊಂಡೆ. ಈಗ ಅಪ್ಪನ ಕೊನೇ ರೆಕಾರ್ಡಿಂಗನ್ನೂ ನಾನೇ ಅಳಿಸಿದೆ ಅಂತಾರೆ.”

“ಎಂಥ ರೆಕಾರ್ಡಿಂಗಮ್ಮ?”

“ಅಪ್ಪ ಕೀಬೋರ್ಡ್ ನುಡಿಸ್ತಿದ್ರಲ್ಲ. ಮನೆಯ ಹಳೇ ಕಂಪ್ಯೂಟರಲ್ಲಿ ಅದನ್ನ ಹಿಡಿದಿಡೋದು ನಾನೇ ಕಲಿಸಿದ್ದು. ಸ್ಪೀಕರ್ ಮುಂದೆ ಒಂದು ಮೈಕು. ಅದರಲ್ಲಿ ಕೆಮ್ಮು, ಫ್ಯಾನಿನ ಸದ್ದು ಎಲ್ಲಾ ಬರೋದು. ಅದಕ್ಕೇ ಕೀಬೋರ್ಡಿಂದ ಕಂಪ್ಯೂಟರಿಗೆ ಒಂದು ವೈರನ್ನೂ ಹಾಕಿದ್ದೆ. ಅದು ಸದ್ದು ಹಿಡಿಯಲ್ಲ; ಯಾವ ಕೀ ಯಾವಾಗ ಒತ್ತಿದ್ರು, ಯಾವಾಗ ಬಿಟ್ರು, ಅದನ್ನಷ್ಟೇ ಹಿಡಿಯುತ್ತೆ. ಶುರು ಮಾಡೋದು ಅಪ್ಪನಿಗೆ ಬೇಗ ಬಂತು. ನಿಲ್ಲಿಸೋ ಬಟನ್ ಮಾತ್ರ ಕೊನೇ ತನಕ ಮರೀತಾನೇ ಇದ್ರು. ಊಟಕ್ಕೆ ಹೋದ್ರೂ ಅದು ಓಡ್ತಾನೇ ಇರೋದು.”

“ಅಳಿಸಿದ್ದು ಗೊತ್ತಾಗಿದ್ದು ಹೇಗೆ?”

“ಚಿಕ್ಕಪ್ಪ ಹೇಳಿದ್ದು, ನಾನೇ ಅಳಿಸಿರ್ಬೇಕು ಅಂತ. ಅಷ್ಟಕ್ಕೇ ಅತ್ತೆ ಆ ಕೋಣೆಗೆ ಬೀಗ ಜಡಿದ್ರು. ನನ್ನನ್ನ ಒಳಗೆ ಬಿಡ್ತಿಲ್ಲ.”

ಅವಳು ಹೋದ ಮೇಲೆ ಸಾಹೇಬರು ಕಾಂಪೌಂಡರನ ಕಡೆ ತಿರುಗಿದರು. “ಆವತ್ತು ಬೆಳಗ್ಗೆ ಡಾಕ್ಟರ ಜೊತೆ ಹೋಗಿದ್ದೆಯಲ್ಲ, ಏನು ಕಂಡೆ?”

“ಹಾಸಿಗೆ ಮೇಲೆ ಅಂಗಾತ ಮಲಗಿದ್ರು. ಹೊದಿಕೆ ಕತ್ತಿನ ತನಕ ನೀಟಾಗಿತ್ತು. ನಿದ್ದೆಯಲ್ಲೇ ಹೋಗಿದಾರೆ ಅಂದ್ರು ಡಾಕ್ಟ್ರು. ಹೊದಿಕೆ ತೆಗೆದು ಚಪ್ಪಲಿ ಕಳಚಿದವನು ನಾನೇ.”

“ಚಪ್ಪಲಿ?”

ಕಾಂಪೌಂಡರನ ಕೈ ಎಣ್ಣೆ ಬಟ್ಟಲಲ್ಲೇ ನಿಂತಿತು. ಚಪ್ಪಲಿ ಹಾಕಿಕೊಂಡು ಹೊದ್ದು ಮಲಗುವ ಮನುಷ್ಯ ಎಲ್ಲಿದ್ದಾನೆ?

ಮಾರನೆಯ ದಿನ ಗಿರಣಿಗೆ ಹೋದರು; ಮನೆ ಅದರ ಮಹಡಿಯಲ್ಲೇ. ಬೆಲ್ಟು ಪಟಪಟ ಬಡಿಯುತ್ತಿತ್ತು. ಗಿರಣಿಯವರ ತಮ್ಮ, ಹುಡುಗಿಯ ಚಿಕ್ಕಪ್ಪ, ಒಬ್ಬನೇ ಚೀಲ ಎತ್ತುತ್ತಿದ್ದ. ರೆಪ್ಪೆಯ ಮೇಲೂ ಹಿಟ್ಟು.

“ಅಣ್ಣ ಹೋದ ದಿನ ಸಂಜೆ ಮೇಲಕ್ಕೆ ಹೋಗಿದ್ದೆಯೇನಪ್ಪ?”

“ಎಲ್ಲಿಂದ ಹೋಗ್ಲಿ ಸಾಹೇಬ್ರೆ, ಇಬ್ಬರ ಕೆಲಸ ಒಬ್ಬನ ತಲೆ ಮೇಲೆ. ಬೆಳಗ್ಗೆ ಹಾಲು ಕೊಡೋಕೆ ಹೋದಾಗ್ಲೇ ನೋಡಿದ್ದು.” ಅವನು ಮುಖ ಒರೆಸಿಕೊಂಡ. “ಆಮೇಲೆ ಅಣ್ಣನ ಹಾಡು ಕೇಳೋಣ ಅಂತ ಕಂಪ್ಯೂಟರ್ ಹಾಕಿದೆ. ಏನಿದೆ? ಪರದೆ ಮೇಲೆ ಒಂದು ಖಾಲಿ ಗೆರೆ, ಸದ್ದೇ ಇಲ್ಲ.”

ಸಾಹೇಬರು ಅತ್ತೆಯಿಂದ ಬೀಗದ ಕೈ ಇಸಿದುಕೊಂಡು, ಹುಡುಗಿಯನ್ನು ಜೊತೆಗಿಟ್ಟುಕೊಂಡು ಮಧ್ಯಾಹ್ನವೆಲ್ಲ ಆ ಕೋಣೆಯಲ್ಲಿ ಕುಳಿತರು. ಬಾಗಿಲಲ್ಲಿ ಕಾವಲು ನಿಂತ ಕಾಂಪೌಂಡರನಿಗೆ ಒಳಗಿಂದ ಒಂದು ಸಲ ಹುಡುಗಿ ಬಿಕ್ಕಿದ್ದು ಕೇಳಿಸಿತು.

ಸಂಜೆ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಅತ್ತೆ ಗೋಡೆಗೊರಗಿ ಕುಳಿತಳು. ತಮ್ಮ ಹೊಸ್ತಿಲ ಹತ್ತಿರವೇ ನಿಂತ.

“ಅಳಿಸಿದವಳೇ ಕಂಪ್ಯೂಟರ್ ಮುಂದೆ ಕೂತಿದಾಳೆ, ಇನ್ನೇನು ವಿಚಾರಣೆ?” ಎಂದಳು ಅತ್ತೆ.

“ಇವಳು ಅಳಿಸಿದ್ರೆ ಎರಡನ್ನೂ ಅಳಿಸ್ತಿದ್ದಳು, ತಾಯಿ. ಮೈಕಿನದು ಹೋಗಿದೆ, ವೈರಿನದು ಇದೆ. ವೈರಿನದರಲ್ಲಿ ಸದ್ದಿಲ್ಲ; ಅದು ಹೇಳಿದಂತೆ ಕೀಬೋರ್ಡೇ ಮತ್ತೆ ನುಡಿಯಬೇಕು, ಕೀಬೋರ್ಡ್ ಹಚ್ಚದೆ ಹಾಕಿದ್ರೆ ಮೂಕ. ಅದಕ್ಕೇ ಅಳಿಸಿದವರು ಅದನ್ನ ಖಾಲಿ ಅಂದುಕೊಂಡು ಬಿಟ್ಟಿದಾರೆ.” ಸಾಹೇಬರು ಕೀಬೋರ್ಡಿನ ಸ್ವಿಚ್ಚು ಒತ್ತಿದರು. “ಹಾಕಮ್ಮ.”

ಯಾರೂ ಮುಟ್ಟದ ಕೀಬೋರ್ಡು ನುಡಿಯತೊಡಗಿತು. ಒತ್ತಿದಷ್ಟು ಹೊತ್ತೂ ನಿಲ್ಲುವ, ಆರ್ಗನ್ನಿನಂಥ ದನಿ. ಗಿರಣಿಯವರ ಬೆರಳು ಎಡವುತ್ತಿದ್ದ ಜಾಗದಲ್ಲೇ ಎಡವಿ, ಅವರಂತೆಯೇ ಹಿಂದಕ್ಕೆ ಹೋಗಿ ಮತ್ತೆ ಹಿಡಿಯಿತು. ಅತ್ತೆ ಸೆರಗು ಬಾಯಿಗೊತ್ತಿಕೊಂಡಳು. ನಡುವೆ ಹಾಡು ನಿಂತಿತು. ಸ್ವಲ್ಪ ಬಿಟ್ಟು ಮತ್ತೆ ಶುರುವಾಗಿ ಮತ್ತೆ ನಿಂತಿತು. ಆಮೇಲೆ ಕೆಳಗಿನ ಹತ್ತಾರು ಕೀಗಳು ಒಟ್ಟಿಗೇ ಬಡಿದವು. ಒರಟಾದ ದಪ್ಪ ದನಿಯೊಂದು ಕೋಣೆ ತುಂಬಿ ಹಾಗೇ ನಿಂತುಬಿಟ್ಟಿತು. ನಿಲ್ಲಲೇ ಇಲ್ಲ.

“ಅವರು ಕುಸಿದದ್ದು ಇಲ್ಲಿ. ತೋಳು ಕೀಗಳ ಮೇಲಿದೆ,” ಎಂದರು ಸಾಹೇಬರು.

ದನಿ ಕೊರೆಯುತ್ತಲೇ ಇತ್ತು. ಹೊಸ್ತಿಲ ಬಳಿಯಿದ್ದ ತಮ್ಮ ತನಗರಿವಿಲ್ಲದೆ ಮುಂದೆ ಬಂದ. ಎರಡೂ ಕೈ ಚಾಚಿ, ಕೀಬೋರ್ಡಿನ ಮೇಲಿನ ಬರಿಗಾಳಿಯಲ್ಲಿ ಏನನ್ನೋ ಎತ್ತಲು ಹೋದ. ಅಷ್ಟರಲ್ಲಿ ದನಿ ಒಂದೊಂದೇ ಎಳೆಯಾಗಿ ಕಳಚಿ, ಆರಿತು.

“ತೋಳನ್ನ ಯಾರೋ ಮೆಲ್ಲಗೆ ಎತ್ತಿದಾರೆ,” ಸಾಹೇಬರ ದನಿ ತಗ್ಗಿತ್ತು. “ಇದೇ ಕೋಣೆಯ ಹಾಸಿಗೆಗೆ ಒಯ್ದು ಹೊದಿಸಿದಾರೆ. ಗಾಬರಿಯಲ್ಲಿ ಚಪ್ಪಲಿ ಮರೆತಿದಾರೆ. ನಿಮ್ಮಕ್ಕ ಬಸ್ಸಿಳಿದದ್ದು ಸಾವಿನ ಸುದ್ದಿ ಕೇಳಿದ ಮೇಲೆ. ಹುಡುಗಿ ಆಸ್ಪತ್ರೆಯ ಟೆಲಿಫೋನ್ ಮುಂದೆ ಇದ್ದಳು, ಅಲ್ಲಿ ವಿಚಾರಿಸಿದೀನಿ. ಕಂಪ್ಯೂಟರ್ ಹಾಕಿ ಖಾಲಿ ಗೆರೆ ಕಂಡೆ ಅಂದವನು ನೀನೊಬ್ಬನೇ. ಕೇಳೋಣ ಅಂತ ಹಾಕಿದಾಗ ಮೈಕಿನದರಲ್ಲಿ ನಿನ್ನ ದನಿಯೇ ಇತ್ತು, ಅಲ್ವೇನಪ್ಪ?”

ತಮ್ಮ ನೆಲಕ್ಕೆ ಕುಸಿದು ಕುಳಿತ.

“ಬೈದೆ. ನಾನು ಅಲ್ಲಿ ಹಿಟ್ಟು ಕುಡೀತಿದೀನಿ, ನೀನಿಲ್ಲಿ ಪೀಪಿ ಊದ್ಕೊಂಡು ಕೂತಿದೀಯಾ ಅಂದೆ. ನಿಲ್ಲಿಸಿ ಕೇಳಿದ, ಮತ್ತೆ ನುಡಿಸಿದ. ಇನ್ನೂ ಬೈದೆ. ಬಿದ್ದ. ಮಲಗಿಸಿದಾಗ ಕಣ್ಣು ಬಿಟ್ಟ, ಮಾತಾಡಿದ. ತಲೆ ಸುತ್ತಿರಬೇಕು, ಮಲಗಿದ್ರೆ ಸರಿಹೋಗುತ್ತೆ ಅಂತ ಕೆಳಗೆ ಹೋದೆ. ಸಿಟ್ಟೂ ಇತ್ತು... ಬೆಳಗ್ಗೆ ತಣ್ಣಗಾಗಿದ್ದ.”

“ಡಾಕ್ಟರನ್ನ ಕೂಗಿದ್ರೆ...” ಅತ್ತೆ ಕಾಂಪೌಂಡರನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಉಳಿಯುತ್ತಿದ್ದರೋ ಇಲ್ಲವೋ, ಅದನ್ನು ಯಾವ ಡಾಕ್ಟರೂ ಈಗ ಹೇಳಲಾರರು.

“ನನ್ನ ಮೇಲೆ ಹಾಕಿದೆಯಲ್ಲ, ಚಿಕ್ಕಪ್ಪ,” ಎಂದಳು ಹುಡುಗಿ. “ಅತ್ತೆ ಬೈತಿದ್ರೆ ಎದುರಿಗೇ ಕೂತು ಕೇಳಿದೆಯಲ್ಲ.”

ಅವಳು ಏಟು ಕೊಡುತ್ತಾಳೆಂದೇ ಕಾಂಪೌಂಡರನಿಗೆ ಅನಿಸಿತು, ಕೊಟ್ಟರೂ ತಪ್ಪೇನಿರಲಿಲ್ಲ. ಅವಳು ಕುರ್ಚಿಯಿಂದಿಳಿದು ಚಿಕ್ಕಪ್ಪನ ಎದುರಿಗೆ ನೆಲದ ಮೇಲೆ ಕುಳಿತಳು.

“ಅಪ್ಪ ಮಾತಾಡಿದ ಅಂದೆ. ಮೈಕಿನದನ್ನ ಅಳಿಸಿಬಿಟ್ಟೆ. ಅದೀಗ ನಿನ್ನೊಬ್ಬನ ಹತ್ರವೇ ಇರೋದು.” ಅವಳು ಇನ್ನೂ ಹತ್ತಿರ ಸರಿದಳು. “ಹೇಳು. ಒಂದು ಮಾತೂ ಬಿಡಬೇಡ.”

ಸಾಹೇಬರು ಎದ್ದು ಕಾಂಪೌಂಡರನ ಹೆಗಲು ಹಿಡಿದುಕೊಂಡು ಹೊರಗೆ ಬಂದರು. ಬಾಗಿಲು ಎಳೆದುಕೊಳ್ಳುವಾಗ ಒಳಗೆ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.