ಸವದತ್ತಿಯಿಂದ ಬಿಟ್ಟ ಪಾರಿವಾಳ

ಕುಡುಗೋಲು ನನ್ನ ಕುತ್ತಿಗೆಗೆ ತಾಗಿತು.

"ಹಕ್ಕಿ ಬಿಡಬ್ಯಾಡ, ಪರಸಪ್ಪ! ಬುಟ್ಟಿ ಕೆಳಗಿಡು!"

ಸವದತ್ತಿ ಕೋಟೆಯ ಬುರುಜು. ೧೯೦೮ರ ಶ್ರಾವಣ. ಹೊತ್ತು ಹುಟ್ಟುತ್ತಿತ್ತು. ನನ್ನ ಬುಟ್ಟಿಯಲ್ಲಿ ಬೈಲಹೊಂಗಲದ ಒಂದು ಪಾರಿವಾಳ. ಎದುರಿಗೆ ದಿಗಂಬರನ ಇಬ್ಬರು ಆಳುಗಳು.

ನನಗೆ ಐವತ್ತೆರಡು ಸ್ವಾಮಿ. ರಾಮದುರ್ಗ ಸಂಸ್ಥಾನದಲ್ಲಿ ಜಮಾದಾರನಾಗಿದ್ದೆ. ಈಗ ಕಂಡವರ ತಂಟೆ ಬಿಡಿಸುತ್ತೇನೆ. ಮಂಡಿ ನೋವು... ಸೊಂಟ ನೋವು... ಸಾಕಾಗಿ ಹೋಗಿದೆ!

ಆದರೆ ಲಗಮಪ್ಪನ ಕೊರಳಿಗೆ ಹಗ್ಗ ಕಾದಿತ್ತು.

ಹಿಂದಿನ ವಾರ ಬೈಲಹೊಂಗಲದಲ್ಲಿ ನೀಲಕಂಠರಾಯರನ್ನು ಯಾರೋ ಹೊತ್ತು ಹುಟ್ಟುವಾಗ ಇರಿದು ಕೊಂದಿದ್ದರು. ಹೆಣ ಮೊದಲು ಕಂಡವನು ಮನೆಯಾಳು ಲಗಮಪ್ಪ. ಪೊಲೀಸರು ಅವನನ್ನೇ ಎಳೆದೊಯ್ದರು. ಕೇಸು ಮುಗಿಯಿತು!

ರಾಯರ ತಮ್ಮ ದಿಗಂಬರನಿಗೆ ಹೋದ ಊರಿಗೆಲ್ಲ ಮನೆಯ ಪಾರಿವಾಳ ಒಯ್ಯುವ ಶೋಕಿ. ಆ ಹೊತ್ತಿಗೆ ತಾನು ಸವದತ್ತಿಯಲ್ಲಿದ್ದೆ, ಅಲ್ಲಿಂದಲೇ ಆರು ಗಂಟೆಗೆ ಚೀಟಿ ಕಟ್ಟಿ ಹಕ್ಕಿ ಬಿಟ್ಟೆ ಎಂದ. ಚೀಟಿ ಅವನದೇ ಅಕ್ಷರ. ಹಕ್ಕಿ ಮನೆ ಸೇರಿದ್ದು ಹತ್ತು ಗಂಟೆಗೆ.

ಚೀಟಿ ಬಿಚ್ಚಿದವಳು ಲಗಮಪ್ಪನ ಹೆಂಡತಿ ಶಟ್ಟೆವ್ವ. ಆ ಮನೆಯ ಪಾರಿವಾಳ ನೋಡಿಕೊಳ್ಳುವವಳು. ಅವಳೇ ಬಂದು ನನ್ನ ಕಾಲು ಹಿಡಿದಳು.

"ಜಮಾದಾರ್ರ, ನಾಕ ತಾಸು ಯಾಕ ಬೇಕ್ರಿ ಅದಕ್ಕ? ನೆಟ್ಟಗ ಹಾರಿದ್ರ ಹದಿನೇಳು ಮೈಲು... ಅರ್ಧ ತಾಸಿನ ಮಾತ್ರಿ!"

ಇದನ್ನು ಹೇಳಿದರೆ ತಾಲೂಕಿನ ಅಧಿಕಾರಿ ಮಾಮಲೇದಾರರು ನಕ್ಕರು. ಕಾಡಿ ಬೇಡಿ ಒಂದು ಪರೀಕ್ಷೆಗೆ ಒಪ್ಪಿಸಿದೆ. ಅದೇ ಹಕ್ಕಿ, ಅದೇ ಟೈಮು. ನಾನು ಸವದತ್ತಿಯಲ್ಲಿ ಬಿಡಬೇಕು, ಅವರು ಬೈಲಹೊಂಗಲದಲ್ಲಿ ಗಡಿಯಾರ ಹಿಡಿದು ಕೂರಬೇಕು.

ಅದಕ್ಕೇ ಈ ಕುಡುಗೋಲು!

"ಇಡತೇನೋ ಮಾರಾಯ... ಕುತ್ತಿಗಿ ಬಿಡು."

ಬಾಗಿದೆ. ಮುಚ್ಚಳ ಕಿತ್ತೆ!

ಹಕ್ಕಿ ಮೇಲೆದ್ದಿತು. ಒಂದು ಸುತ್ತು... ಎರಡು ಸುತ್ತು... ಪಡುವಣಕ್ಕೆ ತಿರುಗಿತು.

ಕುಡುಗೋಲಿನ ಹಿಡಿ ನನ್ನ ಎರಡು ಹಲ್ಲು ಉದುರಿಸಿತು. ಮೆಟ್ಟಿಲುಗಳ ಮೇಲೆ ಓಡಿದ್ದೆಷ್ಟೋ, ಉರುಳಿದ್ದೆಷ್ಟೋ! ಹೊಳೆಯ ದಂಡೆ ಮುಟ್ಟಿದರೆ ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಇಡೀ ದಿನ ಪೊದೆಯಲ್ಲಿ ಅಡಗಿ ಕೂತೆ. ಜೀವ ಹೋದರೂ ಸರಿ, ಸ್ವಲ್ಪ ನಿದ್ದೆ ಸಿಕ್ಕರೆ ಸಾಕು ಅನಿಸಿತ್ತು.

ಮರುದಿನ ಬೈಲಹೊಂಗಲದ ಕಚೇರಿ ಮುಟ್ಟಿದಾಗ ವಿಚಾರಣೆ ನಡೆದಿತ್ತು.

"ನಿನ್ನೆ ಮೂವತ್ತೈದು ಮಿನಿಟಿಗೆ ಬಂತು," ಎಂದರು ಮಾಮಲೇದಾರರು. "ದಿಗಂಬರಪಂತ, ಅವತ್ತ ಯಾಕ ಅಷ್ಟು ತಡಾ ಆತು?"

ಮಳೆಗಾಲದಲ್ಲಿ ನಮ್ಮ ಕಡೆ ತಡವಾಗಿ ಬಂದವರು ಹೇಳುವ ನೆವ ಒಂದೇ. ಮದುವೆಗೂ ಅದೇ, ಮಣ್ಣಿಗೂ ಅದೇ. ಹುಟ್ಟಿದಾಗಿನಿಂದ ಬಾಯಲ್ಲಿ ಕೂತ ಮಾತು. ದಿಗಂಬರನ ಬಾಯಿಂದಲೂ ಅದೇ ಬಂತು.

"ಹೊಳಿ ಬಂದಿತ್ರಿ ಸಾಹೇಬ್ರ! ಹರಿಗೋಲು ಬಿಡಲಿಲ್ಲ..."

ಮಾಮಲೇದಾರರು ಲೇಖನಿ ಕೆಳಗಿಟ್ಟರು. "ಹಕ್ಕಿಗೆ ಹರಿಗೋಲು ಬೇಕಾತೇನು?"

ದಿಗಂಬರ ಅಲ್ಲೇ ಕುಸಿದ. ಸಂಜೆಯೊಳಗೆ ಎಲ್ಲ ಒಪ್ಪಿಕೊಂಡ. ಅಣ್ಣನನ್ನು ತಾನೇ ಇರಿದು, ಹಕ್ಕಿಯ ಸಮೇತ ಊರಾಚೆಯ ಹಳ್ಳದಲ್ಲಿ ಬಚ್ಚಿಟ್ಟುಕೊಂಡಿದ್ದ. ಸವದತ್ತಿಯಿಂದ ಕುದುರೆ ಏರಿ, ಹೊಳೆ ದಾಟಿ ಬರುವ ಮನುಷ್ಯನ ದಾರಿಯನ್ನೇ ಲೆಕ್ಕ ಹಾಕಿ, ನಾಲ್ಕು ತಾಸು ಕಾದು ಹಕ್ಕಿ ಬಿಟ್ಟಿದ್ದ. ಆಕಾಶದ ದಾರಿ ಅವನಿಗೆ ನೆನಪೇ ಆಗಿರಲಿಲ್ಲ!

ಲಗಮಪ್ಪ ಹೊರಗೆ ಬಂದ. ಶಟ್ಟೆವ್ವ ಅತ್ತಳು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮೇಲೇ ತಿರುಗಿಬಿದ್ದಳು.

"ಹಕ್ಕಿ ನಿನ್ನೇನ ಬಂತು. ನೀವ್ಯಾಕ್ರಿ ಇವತ್ತ ಬಂದ್ರಿ?"

ಉಳಿದ ಹಲ್ಲುಗಳಲ್ಲಿ ನಕ್ಕೆ.

"ಹೊಳಿ ಬಂದಿತ್ತವ್ವ... ಹರಿಗೋಲು ಬಿಡಲಿಲ್ಲ!"