ಒರೆಸದೇ ಉಳಿದ ಒಂದು ಗುರುತು

“ಆಕ್ಷೀ!”

ರಾಣೆಬೆನ್ನೂರಿನ ಆ ಹಳೆಯ ಹತ್ತಿ ಗೋದಾಮಿನಲ್ಲಿ ಮೊದಲು ಸೀನಿದವನು ವೀರೇಂದ್ರ. ಅವನ ಹಿಂದೆಯೇ ನಾಲ್ವರು ನರ್ತಕಿಯರು ಸಾಲಾಗಿ ಸೀನಿದರು, ಕೆಮ್ಮಿದರು, ಕಣ್ಣೊರೆಸಿಕೊಂಡರು.

ನಡುವೆ ಒಣಮೆಣಸಿನಕಾಯಿ ಚೀಲ ಬಿಚ್ಚಿಕೊಂಡು ಕುಳಿತಿದ್ದ ಪುಷ್ಪಲತಾಳಿಗೆ ಎದ್ದು ಓಡಿಹೋಗೋಣ ಎನಿಸಿತು.

“ಏನ್ರೀ ಇದು! ಡಾನ್ಸ್ ತೋರಸ್ರಿ ಅಂದ್ರ ಒಗ್ಗರಣಿ ಹಾಕಾಕತ್ತೀರಲ್ಲ!” ಎಂದ ವೀರೇಂದ್ರ.

“ಅದು... ಇದರಿಂದನ ಮಾಡಬೇಕು ಅಂತ...”

“ಸ್ವಲ್ಪ ಜೋರ್ ಮಾತಾಡ್ರಿ. ನಿಮಗಿಂತ ನಿಮ್ಮ ಮೆಣಸಿನಕಾಯಿ ದನಿನ ಜೋರ್ ಐತಿ.”

ಎಲ್ಲರೂ ನಕ್ಕರು. ಪುಷ್ಪಲತಾ ಚೀಲಕ್ಕೆ ಕೈ ಹಾಕಿದಳು. ಒಂದು ಕಾಯಿ ಎತ್ತಿಕೊಂಡಳು. ಮಣಿಕಟ್ಟು ತಿರುಗಿತು, ತೊಟ್ಟು ಕಿತ್ತುಬಂತು. ಮತ್ತೊಂದು... ಮಗದೊಂದು... ಕೈಯ ತಿರುವು ಭುಜಕ್ಕೆ ಏರಿತು, ಭುಜದಿಂದ ಸೊಂಟಕ್ಕೆ ಇಳಿಯಿತು. ಘಾಟಿಗೆ ಬರುವ ಕೆಮ್ಮು ಕೂಡ ಎದೆಯನ್ನು ಬಿಲ್ಲಿನಂತೆ ಬಗ್ಗಿಸಿ, ಮತ್ತೆ ಅದೇ ಲಯಕ್ಕೆ ತಂದು ಕೂರಿಸಿತು.

ನಗು ನಿಂತುಹೋಯಿತು.

“ಇದನ್ನ ಎಲ್ಲಿ ಕಲತ್ರಿ?” ಅವನ ದನಿ ಈಗ ಬೇರೆಯೇ ಆಗಿತ್ತು.

“ನಮ್ಮವ್ವನ ಕೈ ನೋಡಿ...”

ಅದು ಎರಡು ಸಾವಿರದ ಆರನೇ ಇಸವಿ. ‘ನಡೆ’ ಎಂಬ ಆ ಸಮಕಾಲೀನ ನೃತ್ಯ ತಂಡ ವರ್ಷಕ್ಕೊಬ್ಬ ಹೊಸ ನೃತ್ಯ ಸಂಯೋಜಕರನ್ನು ಆರಿಸುತ್ತಿತ್ತು. ಎರಡು ತಿಂಗಳು ಈ ಗೋದಾಮು, ನಾಲ್ವರು ನರ್ತಕಿಯರು, ಕೊನೆಗೆ ಹಾವೇರಿಯಲ್ಲಿ ಅವರ ಹೆಸರಿನಲ್ಲೇ ಒಂದು ಪ್ರದರ್ಶನ. ತಾಲೀಮು ನೋಡಿಕೊಳ್ಳುವವನು ವೀರೇಂದ್ರ. ಬಿ.ಎ. ಮುಗಿಸಿ, ನೆರೆಮನೆಯವರೊಂದಿಗೂ ನಾಲ್ಕು ಮಾತಾಡಲು ಹೆದರುತ್ತಿದ್ದ ಬ್ಯಾಡಗಿಯ ಹುಡುಗಿ ಆ ವರ್ಷ ಆಯ್ಕೆಯಾದಳು!

ಮೊದಲ ದಿನವೇ ಅವನು ನೆಲದ ಮೇಲೆ ಚಾಕ್‌ಪೀಸಿನಿಂದ ಒಂದು ವೃತ್ತ ಬರೆದ.

“ಇದು ನಿಮ್ಮ ಜಾಗ. ಮಾಡಸೋರು ಮುಂದ ನಿಂದರಬೇಕ್ರಿ. ಇನ್ನೊಂದು ಮಾತು... ಆಟದ ದಿನ ‘ಪರದೆ ತಗೀರಿ’ ಅಂತ ನೀವ ಕೂಗಬೇಕು. ನೀವು ಕೂಗಲಿಲ್ಲಂದ್ರ ಪರದೆ ಏಳೂದಿಲ್ಲ.”

ಅವಳು ಕಂಬದ ಹಿಂದೆ ಸರಿದಳು.

ನರ್ತಕಿಯರು ಎಲ್ಲಿ ಕೂರಬೇಕು, ಎತ್ತ ಹೊರಳಬೇಕು ಎಂದು ಪುಷ್ಪಲತಾ ನೆಲದ ಮೇಲೆ ಚಾಕ್‌ಪೀಸಿನಿಂದ ಬಣ್ಣಬಣ್ಣದ ಗುರುತು ಹಾಕಿದಳು. ದಿನಾ ಸಂಜೆ ಬ್ಯಾಡಗಿ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಅವೇ ಕಾಣುತ್ತಿದ್ದವು... ಮತ್ತು ಅವುಗಳ ನಡುವೆ ನಡೆಯುವ ವೀರೇಂದ್ರನ ಬರಿಗಾಲು! ಒಂದೂವರೆ ತಿಂಗಳಾಗುವಷ್ಟರಲ್ಲಿ ಕಂಬ ಬಿಟ್ಟು ವೃತ್ತದೊಳಗೆ ಬಂದಿದ್ದಳು. ಆ ದಿನ ವೀರೇಂದ್ರ ಅವಳ ಚಹಾ ತಂದು ಆ ವೃತ್ತದ ಅಂಚಿಗೆ ಇಟ್ಟು ಹೋದ, ಅಷ್ಟೇ.

ಪ್ರದರ್ಶನದ ಹಿಂದಿನ ದಿನ ಬಸ್ಸು ತಡವಾಯಿತು. ಓಡೋಡಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಅವಳು ಹಾಕಿದ್ದ ಗುರುತುಗಳು ನೆಲದ ಮೇಲಿರಲಿಲ್ಲ!

ವೀರೇಂದ್ರ ಮೊಣಕಾಲೂರಿ, ಹಸಿ ಅರಿವೆಯಿಂದ ಕೊನೆಯ ಕೆಂಪು ಗೆರೆಯನ್ನು ತಿಕ್ಕುತ್ತಿದ್ದ. ನರ್ತಕಿ ಸಾನಿಯಾ ಚಪ್ಪಾಳೆ ತಟ್ಟಿ ನಗುತ್ತಿದ್ದಳು. “ಮುಗೀತ್ ಬಿಡ್ರಿ ಸರ್, ಇನ್ನೇನ್ ಉಳೀತು!”

ಮುಗೀತು... ಎರಡು ತಿಂಗಳನ್ನು ಒಂದು ಹಸಿ ಅರಿವೆಯಲ್ಲಿ ಒರೆಸಿಬಿಟ್ಟರಾ? ಬೇಡ ಎಂದು ಮುಖಕ್ಕೆ ಹೇಳುವಷ್ಟು ಬೆಲೆಯೂ ನನಗಿಲ್ಲವಾ?

ಯಾರ ಕಣ್ಣಿಗೂ ಬೀಳದೆ ಅವಳು ಬಂದ ದಾರಿಯಲ್ಲೇ ತಿರುಗಿ ಹೋದಳು.

ಮರುದಿನ ಬೆಳಿಗ್ಗೆ ಬ್ಯಾಡಗಿಯಲ್ಲಿ ಅವ್ವನ ಪಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸಲು ಕುಳಿತಳು. ಸುತ್ತ ಹತ್ತು ಹನ್ನೆರಡು ಹೆಂಗಸರು, ಮುಂದೆ ಕೆಂಪು ರಾಶಿ. ಸುಶೀಲವ್ವ ಮಗಳ ಮುಖ ನೋಡಿದಳು.

“ಇವತ್ತ ಆಟ ಅಂದಿದ್ದೆಲ್ಲ? ಇಲ್ಲಿ ಕುಂತೀಯಲ್ಲ?”

“ಕ್ಯಾನ್ಸಲ್ ಆತವ್ವ.”

“ಅಳಾಕತ್ತೀ?”

“ಇಲ್ಲಬೇ... ಘಾಟು.”

ಆಗ ಬಾಗಿಲಲ್ಲಿ ಕೇಳಿಸಿತು. “ಆಕ್ಷೀ!”

ಆ ಸೀನು ಯಾರದೆಂದು ತಲೆಯೆತ್ತುವ ಮೊದಲೇ ಅವಳ ಎದೆಗೆ ಗೊತ್ತಾಯಿತು.

“ಪುಷ್ಪಲತಾ ಅವರ... ಆಕ್ಷೀ! ನಿನ್ನೆ ಯಾಕ ಬರಲಿಲ್ಲ? ಸಂಜಿ ಆರಕ್ಕ ಆಟ ಐತಿ!”

ಪುಷ್ಪಲತಾ ಎದ್ದು ನಿಂತಳು. ಕೈಯಲ್ಲಿದ್ದ ಕಾಯಿ ಪುಡಿಯಾಯಿತು.

“ಬಂದಿದ್ದೆ! ನೀವು ಒರಸೂದು ನೋಡೇ ಹೋದೆ. ಬ್ಯಾಡಾಗಿದ್ರ ಹೇಳಬೇಕಿತ್ತು. ಯಾಕ ಒರಸಿ ಹಾಕಿದ್ರಿ?”

ಎರಡು ತಿಂಗಳಲ್ಲಿ ಅವಳ ದನಿ ಅಷ್ಟು ಜೋರಾಗಿದ್ದು ಅದೇ ಮೊದಲು! ವೀರೇಂದ್ರ ಹಣೆ ಬಡಿದುಕೊಂಡ.

“ಅಯ್ಯ... ಯಾರೂ ಹೇಳೇ ಇಲ್ಲ ನಿಮಗ? ನೃತ್ಯ ತಯಾರಾತು ಅಂದಾಗನ ನಾವು ಗುರುತು ಒರಸೂದು. ಇನ್ನ ಗೆರಿ ಬೇಕಾಗಿಲ್ಲ, ಎಲ್ಲಾರ ಕಾಲಿಗೂ ದಾರಿ ಗೊತ್ತಾಗೇತಿ ಅಂತ ಅರ್ಥ! ಅರ್ಧಕ್ಕರ್ಧ ಹೊಸಬರ ಗುರುತು ಕಡೀತನಾ ಹಂಗ ಉಳೀತಾವು. ನಿಮ್ಮವು ಅಳಿಸಿದ್ವು.”

ಅವಳ ಕಣ್ಣು ತುಂಬಿಬಂತು. ಈ ಸಲ ಘಾಟಿನ ನೆಪವೂ ಇರಲಿಲ್ಲ.

“ನಾನ ಒರಸಬೇಕು ಅಂತ ಸಾನಿಯಾನ ಕೂಡ ಜಗಳಾ ಆಡೇನ್ರಿ. ನಮಗ ರೂಢಿ ಆಗಿ, ನಿಮಗ ಹೇಳಬೇಕನ್ನೂದ ಮರತೆ. ತಪ್ಪು ನಂದು. ಬರ್ತೀರಿಲ್ಲ?”

ಅವಳಿಗಿಂತ ಮೊದಲು ಸುಶೀಲವ್ವ ಸೆರಗು ಝಾಡಿಸಿ ಎದ್ದಳು. “ಬರದೇ ಏನಪಾ! ಏ ಮೈಲವ್ವ, ಉಚ್ಚಂಗೆವ್ವ, ಏಳ್ರೇ. ಟೆಂಪೋ ಹೇಳೂಣು. ನಮ್ಮ ಕೈ ಹಾವೇರ್ಯಾಗ ಕುಣೀತಾವಂತ!”

ಸಂಜೆ ಆರು. ಹಾವೇರಿಯ ರಂಗಮಂದಿರ ತುಂಬಿತ್ತು. ಪರದೆಯ ಪಕ್ಕದಲ್ಲಿ ಪುಷ್ಪಲತಾ ನಿಂತಿದ್ದಳು. ಹಗ್ಗ ಹಿಡಿದ ವೀರೇಂದ್ರ ಅವಳನ್ನೇ ನೋಡುತ್ತಿದ್ದ. ಕೂಗು ಎನ್ನಲಿಲ್ಲ, ಅವಸರ ಮಾಡಲಿಲ್ಲ. ಕಾದ.

ಇವರಿಗೆ ನನ್ನ ಮೇಲೆ ಇಷ್ಟು ನಂಬಿಕೆ... ನನಗೇ ಯಾಕಿಲ್ಲ?

ಅವಳು ಉಸಿರೆಳೆದುಕೊಂಡಳು.

“ಪರದೆ ತಗೀರಿ!”

ಆ ದನಿ ಕೊನೆಯ ಸಾಲಿನವರೆಗೂ ಮುಟ್ಟಿತು.

ನಾಲ್ಕು ಹೆಂಗಸರು, ನಾಲ್ಕು ಜೊತೆ ಕೈಗಳು. ವಾದ್ಯವಿಲ್ಲ, ಉಸಿರು, ಕೆಮ್ಮು, ತೊಟ್ಟು ಮುರಿಯುವ ಸದ್ದು, ಅಷ್ಟೇ. ಬಾಗಿದ ಬೆನ್ನುಗಳು ಒಂದೊಂದಾಗಿ ನೆಟ್ಟಗಾದವು. ಕೊನೆಗೆ ಎಂಟೂ ಕೈಗಳು ಒಟ್ಟಿಗೆ ಮೇಲೆದ್ದು, ಕೆಂಪು ಬೆಳಕಿನಲ್ಲಿ ಹಾಗೇ ನಿಂತವು.



“ಅಗೋ, ಅದು ನನ್ನ ಕೈ!” ಮೂರನೇ ಸಾಲಿನಿಂದ ಸುಶೀಲವ್ವ ಕೂಗಿದಳು.

ಚಪ್ಪಾಳೆ! ಸಭಾಂಗಣ ಎದ್ದು ನಿಂತಿತು. ಸಾನಿಯಾ ಓಡಿಬಂದು ಪುಷ್ಪಲತಾಳನ್ನು ಬೆಳಕಿಗೆ ಎಳೆದಳು. ಆ ದಿನ ಅವಳಿಗೆ ಅಡಗಲು ಕಂಬ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ತನ್ನ ಸಾಮಾನು ಒಯ್ಯಲೆಂದು ರಾಣೆಬೆನ್ನೂರಿಗೆ ಬಂದಳು. ಗೋದಾಮಿನ ನೆಲ ಸ್ವಚ್ಛವಾಗಿತ್ತು. ಆದರೆ... ಮುಂದಿನ ಆ ವೃತ್ತ ಮಾತ್ರ ಹಾಗೇ ಉಳಿದಿತ್ತು!

“ಇದೊಂದು ಒರಸಿಲ್ಲಲ್ಲ?”

ವೀರೇಂದ್ರ ತಲೆ ತಗ್ಗಿಸಿದ. ಎಲ್ಲರಿಗೂ ಜೋರಾಗಿ ಮಾತಾಡಿ ಎನ್ನುತ್ತಿದ್ದವನ ದನಿ ಈಗ ಅವಳಿಗೂ ಕೇಳಿಸದಷ್ಟು ಸಣ್ಣದಾಗಿತ್ತು.

“ಕೈ ಬರಲಿಲ್ರಿ.”

“ಸ್ವಲ್ಪ ಜೋರ್ ಮಾತಾಡ್ರಿ,” ಎಂದಳು ಅವಳು, ತುಟಿಯಂಚಿನಲ್ಲಿ ನಗು ತಡೆದು.

“ಗಟ್ಟಿ ಆದದ್ದನ್ನ ಒರಸಬೇಕು... ನೀವು ನನ್ನ ಕಣ್ಮುಂದ ಹಿಂಗ ಇರತೀರೋ ಇಲ್ಲೋ, ಅದು ಇನ್ನ ಗಟ್ಟಿ ಆಗಿಲ್ಲ. ನನ್ನ ಕಡಿಂದ ಎಂದೋ ಆಗೇತಿ ಪುಷ್ಪಾ. ನಿಮ್ಮ ಕಡಿಂದ...”

ಪುಷ್ಪಲತಾ ನಡೆದು ಆ ವೃತ್ತದೊಳಗೆ ನಿಂತಳು. ಕೆನ್ನೆ ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ.

“ಅರಿವಿ ತೊಯ್ಸಿ ಕೊಡ್ರಿ.”

“ಯಾಕ?”

“ಇದನ್ನ ನಾನ ಒರಸ್ತೀನಿ.”