ಮಾವ ಹಾಕದ ಸಹಿ

ಮಾರ್ಚ್ 4, ಬೆಳಿಗ್ಗೆ 10.20. ಇಪ್ಪತ್ತರ ಹುಡುಗಿಯೊಬ್ಬಳು ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮುಂದೆ ಎರಡು ಹಾಳೆಗಳನ್ನಿಟ್ಟಳು. ಮೊದಲನೆಯದು ವಿದೇಶದ ಕಾಲೇಜಿನದು: ಓದಿನ ಖರ್ಚಿಗೆ ಬ್ಯಾಂಕ್ ದಾಖಲೆ ಕೊಟ್ಟವರು ಹಿಂದೆ ಸರಿದಿರುವುದರಿಂದ ಪ್ರವೇಶ ರದ್ದು. ಎರಡನೆಯದು ಹಾಗೆ ಹಿಂದೆ ಸರಿಯುವುದಾಗಿ ಬರೆದ ಪತ್ರದ ಪ್ರತಿ. ಕೆಳಗೆ ಅವಳ ಸೋದರಮಾವನ ಸಹಿ.

“ಮಾವ ಇದನ್ನ ಬರೆದೇ ಇಲ್ವಂತೆ ಸರ್.”

ಎಫ್‌ಐಆರ್ ದಾಖಲಾಯಿತು. ಸಾಮಿಲ್ ನಡೆಸುವ ಸೋದರಮಾವ ಪತ್ರ ನೋಡಿ ಕೆಂಡವಾದರು. “ಸಹಿ ನಂದಲ್ಲ. ಅಕ್ಕನ ಮಗಳಿಗೆ ಕೊಟ್ಟ ಮಾತು ತಪ್ಪೋನಾ ನಾನು?”

ಪತ್ರ ಹೋಗಿದ್ದು ಬಸ್ ನಿಲ್ದಾಣದೆದುರಿನ ಜೆರಾಕ್ಸ್ ಅಂಗಡಿಯ ಇಮೇಲ್‌ನಿಂದ, ಫೆಬ್ರವರಿ 19ರ ಮಧ್ಯಾಹ್ನ 1.10ಕ್ಕೆ ಎಂಬುದು ಮಾರ್ಚ್ 11ರಂದು ಗೊತ್ತಾಯಿತು.

“ಕಳಿಸಿದ್ದು ಯಾರು?”

“ನನ್ನ ಹೆಂಡ್ತಿ ಬಂದ್ರೂ ‘ಎಷ್ಟು ಕಾಪಿ’ ಅಂತ ಕೇಳೋನು ಸಾರ್ ನಾನು,” ಎಂದ ಅಂಗಡಿಯವನು, ಆಮೇಲೆ ನೆನಪು ಮಾಡಿಕೊಂಡ. “ಇರಿ. ಒಬ್ರು ಹೆಂಗಸು. ಕೈಲಿ ದೊಡ್ಡವರಿಗೆ ಹಾಕೋ ಡೈಪರ್ ಪ್ಯಾಕೆಟ್ಟು. ಸ್ಕ್ಯಾನ್ ಮಾಡೋಷ್ಟ್ರಲ್ಲಿ ಕೂತಲ್ಲೇ ನಿದ್ದೆಹೋಗಿದ್ರು.”

ದೂರುದಾರಳ ಹೇಳಿಕೆಯಲ್ಲಿ ಒಂದು ಸಾಲಿತ್ತು: ತಾಯಿಗೆ ಆರು ವರ್ಷಗಳಿಂದ ಲಕ್ವ, ನೋಡಿಕೊಳ್ಳುವವರು ಅಕ್ಕ ಮತ್ತು ತಾನು.

ಸಂಜೆ 4ಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಜೊತೆ ಆ ಮನೆಗೆ ಹೋದಾಗ ಅಕ್ಕ ತಾಯಿಯ ಬೆನ್ನಿಗೆ ಪೌಡರ್ ಹಾಕುತ್ತಿದ್ದಳು.

“ಹತ್ತೊಂಬತ್ತನೇ ತಾರೀಖು ಜೆರಾಕ್ಸ್ ಅಂಗಡಿಗೆ ಯಾಕೆ ಹೋಗಿದ್ರಿ?”

ಅವಳು ನೆಪ ಹುಡುಕಲಿಲ್ಲ. “ಪತ್ರ ಬರೆದಿದ್ದು ನಾನೇ ಸರ್. ಸಹಿನೂ ನಾನೇ ಹಾಕ್ದೆ.”

“ತಂಗಿ ಮೇಲೆ ಹೊಟ್ಟೆಕಿಚ್ಚಾ?”

“ಅವಳನ್ನ ಎತ್ತಿ ಆಡ್ಸಿದ್ದೇ ನಾನು.” ತಾಯಿಯ ಹೊದಿಕೆ ಸರಿಮಾಡಿದಳು. “ಅಮ್ಮನ್ನ ಮಗ್ಗುಲು ತಿರುಗ್ಸೋಕೆ ಇಬ್ಬರು ಬೇಕು ಸರ್. ಎರಡು ಗಂಟೆಗೊಂದ್ಸಲ.”

ಬಾಗಿಲಲ್ಲಿದ್ದ ತಂಗಿ ಗೋಡೆ ಹಿಡಿದುಕೊಂಡಳು. “ಒಂದು ಮಾತು ಹೇಳಿದ್ರೆ ನಾನು ಹೋಗ್ತಾನೇ ಇರ್ಲಿಲ್ವಲ್ಲ ಅಕ್ಕಾ?”

“ಅದಕ್ಕೇ ಹೇಳ್ಲಿಲ್ಲ. ನನ್ನಿಂದ ಉಳ್ಕೊಂಡೆ ಅಂತ ನಿಂಗೆ ಯಾವತ್ತೂ ಅನ್ನಿಸಬಾರ್ದಿತ್ತು.”

ಔಷಧಿ ಡಬ್ಬಿಯ ತಳದಲ್ಲಿ, ಮಾವನ ಸಹಿ ತಿದ್ದಿ ಕಲಿತ ಹಾಳೆಗಳು ಸಿಕ್ಕವು. ಪಂಚನಾಮೆ ಮುಗಿಯುವ ಹೊತ್ತಿಗೆ ತಂಗಿ ಇನ್ಸ್‌ಪೆಕ್ಟರ್ ಕಾಲಿಗೆ ಬೀಳುವುದೊಂದು ಬಾಕಿ. “ಕಂಪ್ಲೇಂಟ್ ವಾಪಸ್ ತಗೋತೀನಿ ಸರ್.”

“ಎಫ್‌ಐಆರ್ ಆಗಿಹೋಗಿದೆ ತಾಯಿ. ಇನ್ನೇನಿದ್ರೂ ಕೋರ್ಟಲ್ಲಿ.”

5.40ಕ್ಕೆ ಬಂಧನ. ಹೊರಡುವ ಮುನ್ನ ಕಾನ್‌ಸ್ಟೆಬಲ್ ಟೋಪಿ ತೆಗೆದಿಟ್ಟು, ತಾಯಿಯನ್ನು ಮಗ್ಗುಲು ತಿರುಗಿಸಲು ತಂಗಿಯ ಜೊತೆ ಕೈಹಾಕಿದಳು. ಅಕ್ಕ ದೂರ ನಿಂತು, “ಸೊಂಟದ ಹತ್ರ ಮೆತ್ತಗೆ, ಹುಣ್ಣಿದೆ,” ಎಂದು ಹೇಳಿಕೊಟ್ಟಳು.

ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಬರೆದರು: “ಆರೋಪಿಗೆ ತಂಗಿಯ ಮೇಲೆ ದ್ವೇಷವಿರಲಿಲ್ಲ. ಒಬ್ಬಳೇ ಆಗುವ ಭಯವಿತ್ತು.”

ಪತ್ರ ನಕಲಿ ಎಂದು ಗೊತ್ತಾದ ಮೇಲೆ, ಮಾರ್ಚ್ 18ರಂದು, ದಾಖಲೆಗಳನ್ನು ಮತ್ತೆ ಕಳಿಸಿದರೆ ಪ್ರವೇಶ ಕೊಡುವುದಾಗಿ ಕಾಲೇಜು ತಿಳಿಸಿತು. ಮಾವ ಅಂದೇ ಕಾಗದಗಳನ್ನು ತಂದುಕೊಟ್ಟರು. ಹುಡುಗಿ ಅವನ್ನು ಕಳಿಸಲಿಲ್ಲ.